ಹಳಿಯಿಲ್ಲದ ಊರಿನ ಸ್ಟೇಷನ್

ರಾಮದುರ್ಗ
12 ಜನವರಿ 2004

ಮಹೇಕಳ ಅಬ್ಬಾ ಅವರಿಗೆ ನೂರಬಿಯ ಸಲಾಮ್.

ಎರಡು ವರ್ಷ ಒಂದು ಅಕ್ಷರ ಬರೆಯದ ಹೆಂಡತಿ ಈಗ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ಜಗಳಕ್ಕೆ ಬರೆಯುತ್ತಿಲ್ಲ. ಮಹೇಕಳ ನಿಕಾಹ ಗೊತ್ತಾಗಿದೆ. ಬಕ್ರೀದ್ ಮುಗಿದ ಮೇಲಿನ ರವಿವಾರ, ಇಲ್ಲೇ ನನ್ನ ತವರಿನಲ್ಲಿ. ಹುಡುಗ ಮುನವಳ್ಳಿಯವನು, ಮುಸ್ತಕೀಮ ಅಂತ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ತಂದೆಯ ಜಾಗದಲ್ಲಿ ಯಾರು ಕೂಡುತ್ತಾರೆ ಎಂದು ಖಾಜಿ ಕೇಳಿದರು. ನನ್ನ ತಮ್ಮ ಸಾಜಿದ್ ನಾನಿದ್ದೇನಲ್ಲ ಅಂದ. ಮಹೇಕ್ ಮಾತ್ರ "ಅಬ್ಬಾ ಬರ್ತಾರ" ಎಂದಷ್ಟೇ ಹೇಳಿ ಒಳಗೆ ಹೋದಳು.

ನಿಮ್ಮ ಸ್ಟೇಷನ್ ಕೆಡವುತ್ತಾರೆ ಎಂಬ ಸುದ್ದಿ ಇಲ್ಲಿಗೂ ಬಂತು. ಅದರ ಎದುರಿನ ಚಹಾದಂಗಡಿ ಮಡಿವಾಳೆಪ್ಪ ಯಾರದೋ ಮದುವೆಗೆಂದು ಬಂದಾಗ ಹೇಳಿದ. ನೀವು ಬಾಗಿಲಿಗೆ ಅಡ್ಡ ಕೂತು, "ರೈಲ ಬರೂ ಮಟಾ ಯಾರಿಗೂ ಕೀಲಿ ಕೊಡಂಗಿಲ್ಲ" ಅನ್ನುತ್ತೀರಂತೆ. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಗಂಡ ರೇಲ್ವೆಯಲ್ಲಿದ್ದಾನೆ ಎಂದು ಮದುವೆಯ ಹೊಸದರಲ್ಲಿ ನಾನು ಎಷ್ಟು ಜಂಬ ಪಟ್ಟಿದ್ದೆ. ಬೈಲಹೊಂಗಲಕ್ಕೆ ಬಂದು ನೋಡಿದರೆ ರೈಲೂ ಇಲ್ಲ, ಹಳಿಯೂ ಇಲ್ಲ. ಪೇಟೆಯ ನಡುವೆ ಒಂದು ಹಂಚಿನ ಕಟ್ಟಡ, ಟಿಕೆಟ್ ಕೊಡುವ ಕಿಂಡಿ, ಹತ್ತಿ ತುಂಬಿದ ಅಂಡಿಗೆ ತೂಗುವ ಕಾಟಾ. ಊರಿನ ಮಾಲನ್ನು ಇಲ್ಲಿ ಬುಕ್ ಮಾಡಿ, ಲಾರಿಯಲ್ಲಿ ಧಾರವಾಡಕ್ಕೆ ಒಯ್ದು ರೈಲಿಗೆ ಹಾಕುವುದು, ಅಷ್ಟೇ ಕೆಲಸ. ಬೋರ್ಡಿನ ಮೇಲೆ ಔಟ್ ಏಜೆನ್ಸಿ ಎಂದಿದ್ದರೂ ಜನರ ಬಾಯಲ್ಲಿ ಅದು ಸ್ಟೇಷನ್. ಇಡೀ ಊರಿಗೆ ಇದ್ದದ್ದು ಮೊಳದುದ್ದದ ಒಂದು ತುಂಡು ಹಳಿ, ಗಂಟೆ ಎಂದು ಜಂತಿಗೆ ತೂಗು ಹಾಕಿದ್ದು. ಮುಂಜಾನೆ ಲಾರಿ ಬಿಡುವಾಗ ನೀವು ಅದನ್ನು ಬಾರಿಸುತ್ತಿದ್ದಿರಿ. ಆ ಸಪ್ಪಳ ಕೇಳಿ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ರೊಟ್ಟಿ ಉಬ್ಬುವ ಹೊತ್ತಿಗೆ ನೀವು ಹೊಸ್ತಿಲಲ್ಲಿ ಇರುತ್ತಿದ್ದಿರಿ.

ಧಾರವಾಡದಲ್ಲಿ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕಾಲಕ್ಕೆ ನಮ್ಮ ಸ್ಟೇಷನ್ ಮುಚ್ಚಿತು. ಬೇರೆ ಊರಾಗಿದ್ದರೆ ಜನ ಅರ್ಜಿ ಹಿಡಿದು ಓಡಾಡುತ್ತಿದ್ದರು. ನಮ್ಮವರು ಪೇಢೆ ಹಂಚಿದರು. ಹಳೇದು ಮುಚ್ಚುವುದು ಹೊಸದು ಬರಲಿಕ್ಕೇ, ಇನ್ನು ಖರೇ ರೈಲೇ ಊರೊಳಗೆ ಬರುತ್ತದೆ ಎಂದು ಕೊನೆಯ ಲಾರಿಗೆ ಚೆಂಡುಹೂವಿನ ಮಾಲೆ ಹಾಕಿದರು. ಆ ಲಾರಿಯಲ್ಲೇ ಹೊರಟ ಸ್ಟೇಷನ್ನಿನ ಗುರುನಾಥ ಮಾಸ್ತರು ನಿಮ್ಮ ಕೈಗೆ ಕೀಲಿ ಕೊಟ್ಟು, "ನೋಡಿಕೋತ ಇರಪಾ ಟಿಪ್ಪುಸಾಬ" ಅಂದರು. ಹೋಗುವ ಮನುಷ್ಯ ಏನಾದರೂ ಅನ್ನಬೇಕಲ್ಲ, ಅಂದರು. ನೀವು ಅದನ್ನೇ ಸರಕಾರದ ಹುಕುಂ ಮಾಡಿಕೊಂಡಿರಿ.

ಊರಿಗೆ ಒಂದು ವರ್ಷದಲ್ಲಿ ಮರೆತುಹೋಯಿತು. ನೀವು ಕಸ ಹೊಡೆದು, ಕಿಂಡಿ ಒರೆಸಿ, ಇಲ್ಲದ ಲಾರಿಗೆ ಗಂಟೆ ಬಾರಿಸುತ್ತಲೇ ಇದ್ದಿರಿ. ಹತ್ತಿ ಮಿಲ್ಲಿನವರು ಕೆಲಸಕ್ಕೆ ಕರೆದರು, ಹೋಗಲಿಲ್ಲ. ಸಾಜಿದ್ ದುಕಾನು ಹಾಕಿಕೊಡುತ್ತೇನೆ ಅಂದ, ಬೈದು ಕಳಿಸಿದಿರಿ. ನನ್ನ ಹೊಲಿಗೆ ಮಶಿನ್ನಿನ ಮೇಲೆ ಮನೆ ನಡೆಯಿತು, ಅದಕ್ಕೂ ನಾನು ಬೇಸರಿಸಲಿಲ್ಲ. ಆದರೆ ಮಹೇಕ್ ಜ್ವರದಲ್ಲಿ ಬಡಬಡಿಸುತ್ತಿದ್ದ ಆ ಮುಂಜಾನೆಯೂ "ಗಂಟಿ ಬಾರಿಸಿ ಬರತೇನಿ" ಎಂದು ಹೊರಟುಬಿಟ್ಟಿರಿ. ನಾನೊಬ್ಬಳೇ ಅವಳನ್ನು ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆ. ದಾರಿಯುದ್ದಕ್ಕೂ ಆ ಸಪ್ಪಳ ಕೇಳುತ್ತಿತ್ತು. ಅವಳು ಹುಷಾರಾದ ಮೇಲೆ ಇಬ್ಬರೂ ರಾಮದುರ್ಗದ ಬಸ್ಸು ಹತ್ತಿದೆವು.

ಕಟ್ಟಡ ಬೀಳಲಿ, ನೀವು ಬನ್ನಿ. ನಿಕಾಹ ಮುಗಿಸಿ ಹೋಗಲಿಕ್ಕಲ್ಲ, ಇರಲಿಕ್ಕೇ ಬನ್ನಿ. ಮಗಳು ಗಂಡನ ಮನೆಗೆ ಹೋದ ಮೇಲೆ ನನಗೂ ಯಾರಿದ್ದಾರೆ. ಬೇಕಿದ್ದರೆ ಆ ತುಂಡು ಹಳಿಯನ್ನೂ ತನ್ನಿ, ಅಂಗಳದ ಬೇವಿನ ಗಿಡಕ್ಕೆ ಕಟ್ಟೋಣ. ದಿನಾ ಮುಂಜಾನೆ ಬಾರಿಸಿದರೂ ನಾನು ಚಕಾರ ಎತ್ತುವುದಿಲ್ಲ. ಹಂಚು ಇಡುತ್ತೇನೆ.

ನಿಮ್ಮ ಹಾದಿ ಕಾಯುವ,
ನೂರಬಿ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲೆ ಬಿಟ್ಟಿದ್ದೆ. ಧಾರವಾಡದಿಂದ ಕಿತ್ತೂರಿನ ಮೇಲೆ ಹೊಸ ರೈಲು ಹಾದಿಗೆ ಅಳತೆ ಮಾಡುತ್ತಾರಂತೆ, ನಿನ್ನೆಯ ಪೇಪರಿನಲ್ಲಿ ಬಂದಿದೆ. ಬೈಲಹೊಂಗಲದ ಹೆಸರು ಅದರಲ್ಲಿಲ್ಲ, ಮತ್ತೆ ಮತ್ತೆ ಓದಿದೆ. ಆದರೂ ಅಲ್ಲೇ ಕಾದು ಕೂಡಲು ನಿಮಗೆ ಅಷ್ಟೇ ಸಾಕು ಎಂದು ನನಗೆ ಗೊತ್ತು. ಮಡಿವಾಳೆಪ್ಪನ ಅಂಗಡಿಯಲ್ಲಿ ಹೇಗೂ ಕೇಳುತ್ತೀರಿ, ನಾನು ಮುಚ್ಚಿಟ್ಟೆ ಅನ್ನುವುದು ಬೇಡ. ಬೀಗರಿಗೆ ಮಾತ್ರ, ಮಹೇಕಳ ಅಬ್ಬಾಗೆ ಸ್ಟೇಷನ್ನಿನಲ್ಲಿ ಡ್ಯೂಟಿ ಇದೆ, ರಜೆ ಸಿಕ್ಕರೆ ಬರುತ್ತಾರೆ ಎಂದು ಹೇಳಿಟ್ಟಿದ್ದೇನೆ.