ಬಾರಿಸುವುದಲ್ಲ, ನುಡಿಸುವುದು

ಮಾರ್ಚ್ ೧೧, ಬುಧವಾರ

ಇದನ್ನು ಬರೆಯದೆ ಮಲಗಿಬಿಡೋಣ ಎಂದುಕೊಂಡಿದ್ದೆ: ಇವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ನಾನೂ ನಕ್ಕೆ.

ಗಣಿತದ ಮೇಷ್ಟ್ರು ಮತ್ತೆ ನನ್ನ ಪೀರಿಯಡ್ ಕೇಳಿದರು. "ಕೊಟ್ಬಿಡಿ ಮೇಡಂ. ಗಿಟಾರ್ ಬಾರಿಸೋದು ಒಂದಿನ ನಿಂತ್ರೆ ಏನಾಯ್ತು, ಬೆಲ್ ಬಾರಿಸೋನು ಇದ್ದಾನಲ್ಲ." ನಗುತ್ತಲೇ ಕೊಟ್ಟೆ. ತರಗತಿಯಲ್ಲಿ ಆಗಷ್ಟೇ ಶ್ರುತಿ ಮಾಡಿಟ್ಟ ಗಿಟಾರುಗಳನ್ನು ಮಕ್ಕಳು ಚೀಲಕ್ಕೆ ಸೇರಿಸಿ ಲೆಕ್ಕದ ಪುಸ್ತಕ ತೆಗೆದರು.

"ಬಾರಿಸೋದು" ಎಂಬ ಆ ಮಾತನ್ನು ಅವರ ಬಾಯಿಗೆ ಹಾಕಿದವಳು ನಾನೇ ಅಲ್ಲವೇ? ಒಂಬತ್ತು ವರ್ಷದ ಹಿಂದೆ, ಈ ಶಾಲೆಗೆ ಸೇರಿದ ದಿನ, ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ "ನಾನು ಗಿಟಾರ್ ಬಾರಿಸ್ತೀನಿ" ಎಂದು ಪರಿಚಯ ಹೇಳಿಕೊಂಡಿದ್ದೆ. ಸಂಜೆ ಮನೆಯಲ್ಲಿ ಅದನ್ನು ಕೇಳಿ ಅಮ್ಮ ಹಣೆ ಚಚ್ಚಿಕೊಂಡಿದ್ದಳು. "ಗಂಟೆ ಬಾರಿಸ್ತಾರೆ ಕಣೇ, ತಂತಿ ನುಡಿಸ್ತಾರೆ. ನುಡಿ ಅಂದ್ರೆ ಮಾತು."

ನನ್ನದು ಗುತ್ತಿಗೆ ಕೆಲಸ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಸಿಗಬೇಕು. ಅದಕ್ಕೇ ಬಾಯಿ ಮುಚ್ಚಿಕೊಂಡಿರುತ್ತೇನೆ. ಹಾಗಿದ್ದೂ ಗೌರವವಂತೂ ಸಿಗಲಿಲ್ಲ, ಕೆಲಸವೂ ಕಾಯಂ ಆಗಲಿಲ್ಲ.

ಈಗಷ್ಟೇ ಆಡಳಿತ ಮಂಡಳಿಗೆ ಪತ್ರ ಬರೆದು ಮುಗಿಸಿದೆ. ನನ್ನನ್ನು ಕಾಯಂ ಮಾಡಬೇಕು, ನನ್ನ ಪೀರಿಯಡ್ ಇನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. "ದಯವಿಟ್ಟು" ಎಂಬುದನ್ನು ಎರಡು ಕಡೆ ಹೊಡೆದುಹಾಕಿ ಒಂದು ಕಡೆ ಉಳಿಸಿದೆ. ಇದು ಹಟವೋ, ಹಮ್ಮೋ? ಗೊತ್ತಿಲ್ಲ. ಕೆಲಸ ಹೋದರೆ ಮನೆಪಾಠವಿದೆ. ಅದು ಸಾಲದು, ಆದರೂ ಇದೆ. ಪತ್ರದ ಮೊದಲ ಸಾಲನ್ನು ಮಾತ್ರ ಬದಲಿಸುವುದಿಲ್ಲ: ನಾನು ಗಿಟಾರ್ ನುಡಿಸುತ್ತೇನೆ, ನುಡಿಸಲು ಕಲಿಸುತ್ತೇನೆ.

ನಾಳೆ ರಜೆ. ಅಂಚೆಗೆ ಹಾಕುವುದು ಶುಕ್ರವಾರ, ಮಾರ್ಚ್ ೧೩.