ಕಳೆದು ನೋಡಿದಾಗ ಉಳಿಯುವುದು

ಪ್ಲೋವ್ದಿವ್,
ಮಾರ್ಚ್ ೧

ಪದಕೋಶದ ಹೊಸ ಸಂಪುಟದ ಕೆಲಸಕ್ಕೆಂದು ಮೇಜಿನ ಸುತ್ತ ಇಂದು ಮೊದಲ ಸಲ ಕುಳಿತಿರುವ ನನ್ನ ಪ್ರೀತಿಯ ಮಕ್ಕಳೇ,

ನಿಮಗೂ, ನಿಮ್ಮನ್ನು ಆರಿಸಿ ಕರೆತಂದ ಹಿರಿಯರಿಗೂ ನಮಸ್ಕಾರ. ಹಿರಿಯರ ಋಣ ದೊಡ್ಡದು. ಅವರು ನಮಗೆ ಪದಗಳನ್ನಷ್ಟೇ ಕೊಡಲಿಲ್ಲ, ಪದಗಳನ್ನು ಅನುಮಾನಿಸುವ ಹಕ್ಕನ್ನೂ ಕೊಟ್ಟರು. ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ನನಗೆ ಬರಲಾಗಲಿಲ್ಲ. ಮಾರ್ಚ್ ಮೊದಲ ದಿನದ ಪದ್ಧತಿಯಂತೆ ಶುಭ ಕೋರಿ ನಿಮ್ಮ ಮಣಿಕಟ್ಟುಗಳಿಗೆ ಕೆಂಪು ಬಿಳಿ ದಾರ ಕಟ್ಟುವ ಭಾಗ್ಯ ಈ ವರ್ಷ ಬೇರೆಯವರದು. ನನ್ನ ಪತ್ರವನ್ನು ಸೆವ್ದಾ ಓದುತ್ತಿದ್ದಾಳೆ. ಮುಂದಿನ ಸಂಗತಿ ಅವಳದೇ. ಓದುತ್ತಾ ಅವಳ ಮುಖ ಕೆಂಪಾದರೆ ದಯವಿಟ್ಟು ನಗಬೇಡಿ.

ಶಾಲಾ ಮಕ್ಕಳ ಸಮಾನಾರ್ಥಕ ಪದಕೋಶವನ್ನು ನಾವು ಪರಿಷ್ಕರಿಸುತ್ತಿದ್ದ ವರ್ಷ ಅದು. ಸೆವ್ದಾ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವಳ ಪಾಲಿಗೆ ಬಂದ ಪದ 'ಸ್ವಭಾವತಃ'. ಅದರ ನೆಂಟರಾದ 'ಸಹಜವಾಗಿ', 'ಮೂಲತಃ', 'ಜನ್ಮತಃ' ಎಲ್ಲವನ್ನೂ ಅವಳು ನಮ್ಮ ಪದ್ಧತಿಯಂತೆ ಒಂದೇ ವಾಕ್ಯದಲ್ಲಿ ಕೂರಿಸಿ ಗಟ್ಟಿಯಾಗಿ ಓದಿದಳು. 'ಜೇನು ಸ್ವಭಾವತಃ ಅಂಟು' ಎಂದಾಗ ಮೇಜಿನ ಸುತ್ತ ತಲೆಗಳು ಎಡಬಲಕ್ಕೆ ಆಡಿದವು, ಎಲ್ಲರೂ ಒಪ್ಪಿದರು. 'ಜೇನು ಜನ್ಮತಃ ಅಂಟು' ಎಂದಾಗ ಪಕ್ಕದಲ್ಲಿ ಕುಳಿತಿದ್ದ ನಮ್ಮ ಸಹೋದ್ಯೋಗಿ ಕಾಲಿನ್, "ಯಾವ ಆಸ್ಪತ್ರೇಲಿ ಹುಟ್ತಂತೆ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. 'ಮೂಲತಃ' ಎಂದರೆ ಈಗ ಅಂಟಿಲ್ಲವೇನೋ ಎಂಬ ಸಂದೇಹ ಬರುತ್ತದೆ ಎಂದು ಅದನ್ನೂ ಬೇರೆ ಇಟ್ಟೆವು.

ಆಮೇಲೆ ನಮ್ಮ ಎರಡನೆಯ ಪರೀಕ್ಷೆ: ಕಳೆದು ನೋಡುವುದು. ವಸ್ತುವಿನಿಂದ ಆ ಗುಣವನ್ನು ತೆಗೆದುಬಿಡಿ. ವಸ್ತುವೂ ಇಲ್ಲವಾದರೆ 'ಸ್ವಭಾವತಃ' ಎನ್ನಬಹುದು; ಅಂಟು ಕಳೆದಾಗ ಜೇನು ಜೇನಾಗಿ ಉಳಿಯಲಿಲ್ಲ, ಹಾಗಾಗಿ ಅದು ಗೆದ್ದಿತು. ವಸ್ತು ಹಾಗೆಯೇ ಉಳಿದರೆ ಆ ಪದಕ್ಕೆ ಅಲ್ಲಿ ಜಾಗವಿಲ್ಲ.

ಸೆವ್ದಾ ಹಳೆಯ ಆವೃತ್ತಿಯ ಉದಾಹರಣೆಗೆ ಬಂದಳು. 'ಜಿಪ್ಸಿಗಳು ಸ್ವಭಾವತಃ ಅಲೆಮಾರಿಗಳು.' ಓದಿ, ಪುಟ ತಿರುಗಿಸದೆ ನಿಂತಳು. ಹೊಸ ಪುಸ್ತಕ ಬರುವ ಸೆಪ್ಟೆಂಬರಿನಲ್ಲಿ ಅವಳ ಅಕ್ಕನ ಮಗಳ ತರಗತಿಗೆ ಹೋಗುವುದಿತ್ತು. ವಾಕ್ಯ ಉಳಿದರೆ, ಅದನ್ನು ಸಿದ್ಧಪಡಿಸಿದವರ ಸಾಲಿನಲ್ಲಿ ಸೆವ್ದಾಳ ಹೆಸರೂ ಅಚ್ಚಾಗಲಿತ್ತು. ಜಿಪ್ಸಿಗಳೆಂದು ಹೊರಗಿನವರು ಕರೆಯುವ ಅದೇ ರೋಮಾ ಜನರವಳು ಅವಳೂ ಎಂಬುದು ನಮಗೆಲ್ಲ ಗೊತ್ತಿತ್ತು.

ಪ್ರಧಾನ ಸಂಪಾದಕರಾದ ಪ್ರೊಫೆಸರ್ ಹಾರಾಲಂಪಿ ಬೋಯೆವ್ ಕನ್ನಡಕ ತೆಗೆದರು. "ಆ ವಾಕ್ಯ ಮೂರು ಮುದ್ರಣ ಕಂಡಿದೆ ಕಣಮ್ಮ. ಇಲ್ಲೀವರೆಗೂ ಯಾರೂ ತಕರಾರು ಎತ್ತಿಲ್ಲ."

"ಎತ್ತೋಕೆ ಈ ಮೇಜಿನ ಹತ್ರ ನಮ್ಮೋರು ಯಾರೂ ಕೂತಿರ್ಲಿಲ್ಲವಲ್ಲ ಮೇಷ್ಟ್ರೇ."

"ನಿಂಗೆ ಬೇಜಾರಾಯ್ತು ಅಂತ ಪದಕೋಶ ತಿದ್ದೋಕಾಗಲ್ಲ."

"ಬೇಜಾರಿನ ಮಾತು ನಾನೆತ್ತಲಿಲ್ಲ. ಜೇನಿಗೆ ಮಾಡಿದ ಪರೀಕ್ಷೇನೇ ಇದಕ್ಕೂ ಮಾಡಿ ಅಂತಿದೀನಿ. ಅಲೆದಾಟ ಕಳೀರಿ. ನಮ್ಮ ಮುತ್ತಜ್ಜ ಕುಲುಮೆ ಊದಿದ ಓಣೀಲೇ ನಮ್ಮಪ್ಪ ಇವತ್ತೂ ಊದ್ತಾನೆ. ನೀವು ವಾರ್ನಾದಲ್ಲಿ ಹುಟ್ಟಿದ್ರಿ, ಸೋಫಿಯಾದಲ್ಲಿ ಓದಿದ್ರಿ, ವಿಯೆನ್ನಾದಲ್ಲಿ ಪಾಠ ಮಾಡಿದ್ರಿ, ಕೊನೆಗೆ ಇಲ್ಲಿಗೆ ಬಂದ್ರಿ. ಹೇಳಿ ಮೇಷ್ಟ್ರೇ, ಈ ಮೇಜಲ್ಲಿ ಅಲೆಮಾರಿ ಯಾರು?"

ಕಾಲಿನ್‌ಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಡೇರೆ ಕಿತ್ತು ಗಾಡಿಗೆ ಹಾಕ್ಲಾ?"

ಪ್ರೊಫೆಸರ್ ನಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಆ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡರು. ನಾನು ಸೆವ್ದಾಳ ಪರವಾಗಿ ಮಾತನಾಡಲು ಬಾಯಿ ತೆರೆದಿದ್ದೆ. ಅವಳು ಕಣ್ಣಿನಲ್ಲೇ ಬೇಡವೆಂದಳು. ಅವಳು ಬಯಸಿದ್ದು ಗೆಲುವನ್ನು, ದಯೆಯನ್ನಲ್ಲ.

"ಕಳೆದು ನೋಡಿದೆ," ಎಂದರು ಪ್ರೊಫೆಸರ್. "ಅಲೆದಾಟ ಹೋಯ್ತು, ಹುಡುಗಿ ಹಾಗೇ ನಿಂತಿದ್ದಾಳೆ. ವಾಕ್ಯ ಬಿತ್ತು. ಸರಿ, ಹೊಡೆದುಹಾಕಿದೋರೇ ಹೊಸದು ಕೊಡ್ಬೇಕು. ಮನುಷ್ಯರ ಮೇಲೊಂದು ವಾಕ್ಯ ಬೇಕು, ಕೊಡು."

"ಒಂದು ಜನಾಂಗದ ಮೇಲೆ ಕೊಡಲ್ಲ. ಅಷ್ಟು ಭಾರ ಈ ಪದ ಹೊರಲ್ಲ. ಬೇಕಾದ್ರೆ ಒಬ್ಬರ ಬಗ್ಗೆ ಹೇಳಬಹುದು, ಅದೂ ಅವರನ್ನ ಚೆನ್ನಾಗಿ ಬಲ್ಲೋರು."

"ಹಾಗಾದ್ರೆ 'ಬೋಯೆವ್ ಸ್ವಭಾವತಃ ಮೊಂಡ' ಅಂತ ಬರ್ಕೊ. ಎಲ್ಲರೂ ಬಲ್ಲ ವಿಷಯ."

ಸೆವ್ದಾ ತಕ್ಷಣ ಹೇಳಿದಳು: "ಅದೂ ಆಗಲ್ಲ ಮೇಷ್ಟ್ರೇ. ಈಗ ತಾನೇ ಮೊಂಡುತನ ಕಳೆದು ನೋಡಿದ್ವಿ. ನೀವು ಉಳಿದ್ರಿ."

ಮಕ್ಕಳೇ, ಆ ಕೋಣೆಯಲ್ಲಿ ಅಂಥ ನಗು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಪ್ರೊಫೆಸರ್. ಆಮೇಲೆ ಅವರೇ ಕೆಂಪು ಶಾಯಿಯಲ್ಲಿ ಆ ವಾಕ್ಯದ ಮೇಲೆ ಗೆರೆ ಎಳೆದರು. ಸೆಪ್ಟೆಂಬರಿನಲ್ಲಿ ಪುಸ್ತಕ ಶಾಲೆಗಳಿಗೆ ಹೋಯಿತು. 'ಸ್ವಭಾವತಃ' ಎಂಬ ಪದದ ಕೆಳಗೆ ಜೇನಿತ್ತು, ಜೊತೆಗೆ ಸೆವ್ದಾ ಬರೆದ ಬಳಕೆಯ ಸೂಚನೆ: 'ಇಡೀ ಜನಾಂಗಕ್ಕೆ ಹಚ್ಚಬಾರದು, ಒಬ್ಬರಿಗೆ ಹಚ್ಚುವ ಮುನ್ನವೂ ಕಳೆದು ನೋಡಬೇಕು.' ಅವಳ ಅಕ್ಕನ ಮಗಳು ಅದನ್ನು ತರಗತಿಯಲ್ಲಿ ನಿಂತು ಓದಿದಳಂತೆ, ಅಗತ್ಯಕ್ಕಿಂತ ತುಸು ಹೆಚ್ಚೇ ಗಟ್ಟಿಯಾಗಿ.

ನಿಮ್ಮ ಬಗ್ಗೆಯೂ ಯಾರಾದರೂ ಇಂಥ ಮಾತು ಆಡಿಯೇ ಇರುತ್ತಾರೆ: ಸ್ವಭಾವತಃ ಸೋಮಾರಿ, ಸ್ವಭಾವತಃ ಮಂದ, ಈ ಕೆಲಸಕ್ಕೆ ಹುಟ್ಟಿದವರಲ್ಲ ಎಂದು. ಕೋಪ ಬರುವುದು ನ್ಯಾಯವೇ. ಆದರೆ ಕೋಪದ ಬೆನ್ನಿಗೇ ಪರೀಕ್ಷೆಯನ್ನೂ ಇಡಿ. ನೀವು ಉಳಿಯುತ್ತೀರಿ ಎಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ.

ನಿಮ್ಮೆಲ್ಲರ ಏಳಿಗೆಯನ್ನು ಬಯಸುವ,
ನೆದ್ಯಾಲ್ಕಾ ತೋನ್ಚೆವಾ

ಮ.ಬ.: ಸೆವ್ದಾ, ಇದನ್ನು ಮಾತ್ರ ಮನಸ್ಸಿನಲ್ಲೇ ಓದಿಕೊ. ಪತ್ರವನ್ನು ನಿನ್ನಿಂದಲೇ ಓದಿಸಬೇಕೆಂದು ಹಟ ಹಿಡಿದವರು ಪ್ರೊಫೆಸರ್. ನಿನ್ನೆ ಆಸ್ಪತ್ರೆಗೆ ಬಂದಿದ್ದರು. ಈ ಸಂಪುಟಕ್ಕೆ ಪ್ರಧಾನ ಸಂಪಾದಕಿ ನೀನು, ತೀರ್ಮಾನವಾಗಿದೆ. ತಲೆ ಎತ್ತಿ ನೋಡು, ಅವರು ಈಗಾಗಲೇ ನಡುವಿನ ತಮ್ಮ ಕುರ್ಚಿ ಬಿಟ್ಟು ಎದ್ದು ಪಕ್ಕದ ಕುರ್ಚಿಗೆ ಸರಿದಿರುತ್ತಾರೆ. ಧನ್ಯವಾದ ಹೇಳುತ್ತಾ ಹೊತ್ತು ಕಳೆಯಬೇಡ. ನಡುವೆ ಹೋಗಿ ಕೂರು, ಮೊದಲ ಪದವನ್ನು ಗಟ್ಟಿಯಾಗಿ ಓದಿಸು, ಕೆಲಸ ಶುರುವಾಗಲಿ.