ಅಪ್ಪನ ಕಿವಿ ಮಷಿನ್

ಸ್ಕ್ಯಾನ್ ಕೋಣೆಯ ಸಿಸ್ಟರ್ ಅವರಿಗೆ,

ಅಪ್ಪನ ಕಿವಿ ಮಷಿನ್ ನಿಮ್ಮಲ್ಲೇ ಉಳಿದಿದೆಯೆಂದು ನೀವು ಫೋನ್ ಮಾಡಿದಾಗ ಅಮ್ಮ ಪಕ್ಕದಲ್ಲೇ ಇದ್ದಳು. ಅದಕ್ಕೇ ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ.

ಲಕ್ವ ಹೊಡೆದ ದಿನ ತಲೆಯ ಸ್ಕ್ಯಾನ್‌ಗೆಂದು ಅದನ್ನು ತೆಗೆಸಿದ್ದಿರಿ. ಅದಿಲ್ಲದಿದ್ದರೆ ಅವರಿಗೆ ಗುಡುಗಿದರೂ ಕೇಳಿಸುತ್ತಿರಲಿಲ್ಲ. ಮೆದುಳಲ್ಲಿ ರಕ್ತ ಹರಡಿದೆ ಎಂದ ಮೇಲೆ ಅದರ ನೆನಪು ಯಾರಿಗಿತ್ತು? "ಮಾತಾಡ್ತಾ ಇರಿ, ಅವ್ರಿಗೆ ಕೇಳಿಸ್ತಿರುತ್ತೆ" ಎಂದರು ಡಾಕ್ಟರು. ಅಮ್ಮ ಕೈ ಹಿಡಿದುಕೊಂಡು, ಮದುವೆಯಾದಾಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಅಪ್ಪನ ಉಸಿರು ನಿಲ್ಲುವವರೆಗೂ ಹೇಳಿದಳು.

"ಕೊನೆಗೂ ಒಂದ್ಸಲ ಮಧ್ಯ ಬಾಯಿ ಹಾಕ್ದೆ ಪೂರ್ತಿ ಕೇಳಿಸ್ಕೊಂಡ್ರು ಕಣೇ" ಎನ್ನುತ್ತಾಳೆ. ಈಗ ಅವಳಿಗೆ ಅದೊಂದೇ ಸಮಾಧಾನ.

ಮಷಿನ್ ಬೇಕಾದವರಿಗೆ ಕೊಟ್ಟುಬಿಡಿ. ಮನೆಗೆ ಮಾತ್ರ ಮತ್ತೆ ಫೋನ್ ಮಾಡಬೇಡಿ. ಹೆಚ್ಚಾಗಿ ಎತ್ತುವುದು ಅಮ್ಮನೇ.

ಇತಿ,
ಅವರ ಮಗಳು